ಸೇಡಂನಿಂದ ಹೋಗಿ ಸಿನಿಮಾ ಸೌಂಡ್ ಎಡಿಟರ್ ಆಗಬಹುದಾ? ಈ ಕೆಲಸದಲ್ಲಿ ಇರುವವರು ಹೇಳಿ

ಸೇಡಂ_ಹುಡುಗ:

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. ಕಲಬುರಗಿಯಲ್ಲಿ ಬಿಸಿಎ ಮುಗಿಸಿದ್ದೇನೆ. ಈಗ ಸೂಪರ್ ಮಾರ್ಕೆಟ್ ಹತ್ತಿರ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಅಪ್ಪ ತೊಗರಿಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ.

ಒಂದು ವರ್ಷದಿಂದ ಒಂದು ವಿಷಯ ನೋಡುತ್ತಿದ್ದೇನೆ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ಸುಮ್ನೆ ನೋಡುತ್ತಾರೆ. ಆದರೆ ತಾಳಿ ಕಟ್ಟುವಾಗ ಬರೀ ಜನರೇಟರ್ ಸಪ್ಪಳ ಬಂದರೆ ವಿಡಿಯೋ ವಾಪಸ್ ತರುತ್ತಾರೆ. ಹೋದ ತಿಂಗಳು ಒಂದು ಮದುವೆಯಲ್ಲಿ ಹುಡುಗಿಯ ಅವ್ವ ಅಳುತ್ತಾ ಮಗಳಿಗೆ ಏನೋ ಹೇಳಿದ್ದು ಬ್ಯಾಂಡಿನ ಸದ್ದಿನಲ್ಲಿ ಮುಚ್ಚಿಹೋಗಿತ್ತು. ಮೂರು ದಿನ ಕೂತು ಆ ಮಾತನ್ನು ಸ್ವಲ್ಪ ಮೇಲೆ ತಂದೆ. ಆ ಮೂರು ದಿನ ಊಟದ ನೆನಪೇ ಆಗಲಿಲ್ಲ. ನನಗೆ ಬೇಕಾದ ಕೆಲಸ ಇದೇ ಅಂತ ಆಗ ಅನ್ನಿಸಿತು.

ಮನೆಯಲ್ಲಿ ಹೇಳಿದೆ. ಅಪ್ಪ ಕೇಳಿದರು: "ಸಿನಿಮಾದಾಗ ಸಪ್ಪಳ ಕೂಡ್ಸಲಾಕೂ ಮಂದಿ ಇರ್ತಾರೇನು? ಕ್ಯಾಮೆರಾದಾಗೇ ಬರಲ್ಲೇನು ಅದು?" ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈ ಕೆಲಸದಲ್ಲಿ ದಿನಾ ಏನು ಮಾಡುತ್ತಾರೆ? ಎಲ್ಲಿ ಕಲಿಯಬೇಕು? ಹೊಟ್ಟೆ ತುಂಬುತ್ತಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಶಹಾಬಾದ್_ಕಲ್ಲು:

ತಮ್ಮಾ, ನಾನು ಕಲಬುರಗಿ ಬ್ರಹ್ಮಪುರದವನು. 2009ರಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಡೈಲಾಗ್ ಎಡಿಟಿಂಗ್ ನನ್ನ ಮುಖ್ಯ ಕೆಲಸ. ನಿನ್ನ ಪ್ರಶ್ನೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮಪ್ಪನ ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆ. ಸಿನಿಮಾ ಶೂಟಿಂಗ್‌ನಲ್ಲಿ ಕ್ಯಾಮೆರಾ ಬೇರೆ, ಸೌಂಡ್ ರೆಕಾರ್ಡರ್ ಬೇರೆ. ಕ್ಲ್ಯಾಪ್ ಬೋರ್ಡ್ ಹೊಡೆಯುವುದು ಅದಕ್ಕೇ. ಹಲಗೆ ಮುಚ್ಚಿದ ಚಿತ್ರಕ್ಕೆ 'ಟಕ್' ಅನ್ನುವ ಸಪ್ಪಳ ಸರಿಯಾಗಿ ಕೂಡಿಸಿದರೆ ಮುಂದಿನದೆಲ್ಲ ತಾನಾಗಿ ಕೂಡುತ್ತದೆ. ಆ ರೆಕಾರ್ಡರ್‌ನ ಮೈಕ್ ಯಾವಾಗಲೂ ನಟರ ಬಾಯಿಯ ಕಡೆಗೇ ಇರುತ್ತದೆ. ಹಾಗಾಗಿ ಬಾಗಿಲು, ಚಪ್ಪಲಿ, ಕೊಡ, ಬೀದಿ ಇದ್ಯಾವುದೂ ಅದರಲ್ಲಿ ಬೇಕಾದ ಹಾಗೆ ಬಂದಿರುವುದಿಲ್ಲ. ಇನ್ನು ನಮ್ಮಲ್ಲಿ ಎಷ್ಟೋ ಸಿನಿಮಾಗಳಿಗೆ ಶೂಟಿಂಗ್ ಆದ ಮೇಲೆ ಸ್ಟುಡಿಯೋದಲ್ಲಿ ಮತ್ತೆ ಡಬ್ ಮಾಡುತ್ತಾರೆ. ಶೂಟಿಂಗ್‌ನಲ್ಲಿ ಸಿಕ್ಕ ಮಾತು ಬರೀ ಅಳತೆಗೆ ಉಳಿಯುತ್ತದೆ. ಅದಕ್ಕೆ ಪೈಲಟ್ ಟ್ರ್ಯಾಕ್ ಅನ್ನುತ್ತೇವೆ. ಡಬ್ ಮಾಡಿದ ಮಾತು ಖಾಲಿ ಕೋಣೆಯಲ್ಲಿ ನಿಂತ ಮಾತು. ಅದರ ಸುತ್ತ ಬಟ್ಟೆಯ ಸರಸರ, ಕುರ್ಚಿ ಎಳೆದದ್ದು, ದೂರದ ನಾಯಿ, ಎಲ್ಲಾ ನಾವೇ ಕಟ್ಟಬೇಕು.

ಕೆಲಸ ನಮ್ಮ ಕೈಗೆ ಬರುವುದು ಚಿತ್ರದ ಎಡಿಟಿಂಗ್ ಮುಗಿದ ಮೇಲೆ. ಅದಕ್ಕೆ ಪಿಕ್ಚರ್ ಲಾಕ್ ಅನ್ನುತ್ತಾರೆ. ಸಿನಿಮಾವನ್ನು ಸುಮಾರು 20 ನಿಮಿಷದ ರೀಲ್‌ಗಳಾಗಿ ಕಳಿಸುತ್ತಾರೆ. ಫಿಲ್ಮ್ ಹೋದರೂ ರೀಲ್ ಲೆಕ್ಕ ಹೋಗಿಲ್ಲ. ಪ್ರತಿ ರೀಲ್ ಶುರುವಾಗುವ 2 ಸೆಕೆಂಡ್ ಮುಂಚೆ ಒಂದೇ ಫ್ರೇಮಿನ, ಅಂದರೆ ಒಂದೇ ಚಿತ್ರದಷ್ಟು ಹೊತ್ತಿನ, ಒಂದು ಬೀಪ್ ಇರುತ್ತದೆ. ಅದು ಕೂಡಿದರೆ ಸಿಂಕ್, ಅಂದರೆ ಚಿತ್ರಕ್ಕೂ ಸದ್ದಿಗೂ ಹೊಂದಿಕೆ, ಸರಿ ಇದೆ ಅಂತ. ಒಂದು ಸೆಕೆಂಡಿಗೆ 24 ಫ್ರೇಮ್. ಸೌಂಡ್ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಸಣ್ಣ ಸಣ್ಣ ಅಳತೆ. ಅಂದರೆ ಒಂದು ಫ್ರೇಮಿಗೆ 2,000. ತುಟಿಗೂ ಮಾತಿಗೂ ಎರಡು ಮೂರು ಫ್ರೇಮ್ ಹೆಚ್ಚುಕಮ್ಮಿ ಆದರೆ ನೋಡುವವರಿಗೆ ಏನು ತಪ್ಪಿದೆ ಅಂತ ಗೊತ್ತಾಗಲ್ಲ, ಆದರೆ ಆ ನಟನ ಮೇಲೆ ನಂಬಿಕೆ ಹೋಗುತ್ತದೆ.

ಆಮೇಲೆ ಕೆಲಸ ಹಂಚಿಹೋಗುತ್ತದೆ. ಒಬ್ಬರು ಮಾತು, ಒಬ್ಬರು ಎಫೆಕ್ಟ್ಸ್, ಒಬ್ಬರು ಆ್ಯಂಬಿಯೆನ್ಸ್, ಅಂದರೆ ಆ ಜಾಗದ ಸುತ್ತಲಿನ ಸದ್ದು. ಹೆಜ್ಜೆ, ಬಟ್ಟೆ, ಪಾತ್ರೆಯ ಸಪ್ಪಳವನ್ನು ಪರದೆ ನೋಡುತ್ತಾ ಕೈಯಾರೆ ಮಾಡುವವರು ಫೋಲಿ ಕಲಾವಿದರು. ಹಾಲಿವುಡ್‌ನಲ್ಲಿ ಈ ಕೆಲಸಕ್ಕೆ ದಾರಿ ಹಾಕಿದ ಜ್ಯಾಕ್ ಫೋಲಿ ಅನ್ನುವವರ ಹೆಸರೇ ಅದಕ್ಕೆ ನಿಂತುಬಿಟ್ಟಿದೆ. ಇದೆಲ್ಲಾ ಮುಗಿದ ಮೇಲೆ ಎಲ್ಲಾ ಸದ್ದನ್ನೂ ಹದವಾಗಿ ಕೂಡಿಸುವ ಮಿಕ್ಸಿಂಗ್ ಎಂಜಿನಿಯರ್ ಹತ್ತಿರ ಹೋಗುತ್ತದೆ. ಸಣ್ಣ ಬಜೆಟ್ ಆದರೆ ಮಿಕ್ಸಿಂಗ್ ಬಿಟ್ಟು ಉಳಿದದ್ದೆಲ್ಲ ಒಬ್ಬನೇ. ನಾನು ಮೊದಲ ಐದು ವರ್ಷ ಹಾಗೇ ಮಾಡಿದೆ.

ಒಂದು ದೃಶ್ಯದ ಬಗ್ಗೆ ಹೇಳುತ್ತೇನೆ, ಆಗ ನಿನಗೆ ಈ ಕೆಲಸ ಅರ್ಥ ಆಗುತ್ತದೆ. ಚಿಂಚೋಳಿ ಕಡೆಯ ಕಥೆ. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಾಳೆ. ಮಗ ಪಕ್ಕದಲ್ಲಿ ಕೂತು ಊರು ಬಿಟ್ಟು ಹೋಗುವ ಮಾತು ತೆಗೆಯುತ್ತಾನೆ. ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದುಗಳ ಲೈಬ್ರರಿಯಲ್ಲಿ ಇದ್ದ ಸಪ್ಪಳ ಚಪಾತಿ ಹಿಟ್ಟಿನದು. ಮೆತ್ತಗೆ, ಒದ್ದೆ. ಕೇಳಿದ ಕೂಡಲೇ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಜೋಳದ ಹಿಟ್ಟು ಹಾಗೆ ಸಪ್ಪಳ ಮಾಡಲ್ಲ. ಅವತ್ತು ರಾತ್ರಿಯೇ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಬಂದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಐದಕ್ಕೆ ಅವ್ವನನ್ನು ಎಬ್ಬಿಸಿದೆ. ಫ್ರಿಜ್ ಬಂದ್, ಫ್ಯಾನ್ ಬಂದ್. ಬೀದಿಯಲ್ಲಿ ಇನ್ನೂ ಆಟೋ ಶುರು ಆಗಿರಲಿಲ್ಲ. ಅವ್ವ ಬಡಿಯಲು ಶುರು ಮಾಡಿದಳು. ಮೊದಲ ಏಟುಗಳು ದಪ್ಪ, ಗಿಡ್ಡ. ಹಿಟ್ಟು ಹರಡುತ್ತಾ ಹೋದ ಹಾಗೆ ಸಪ್ಪಳ ತೆಳ್ಳಗಾಗುತ್ತದೆ, ಕೆಳಗಿನ ಹಲಗೆಯ ಸಪ್ಪಳ ಮೇಲೆ ಬರುತ್ತದೆ. ಅಂಚಿಗೆ ಬಂದಾಗ ಕೈ ತಿರುಗುತ್ತದೆ, ಅಲ್ಲಿ ಒಂದು ಚೂರು ತಡ. ಆ ತಡದಲ್ಲಿ ಬಳೆ ಮಾತಾಡುತ್ತದೆ. ಆಮೇಲೆ ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿದಾಗ 'ಚುಂಯ್'. ಬಳೆ ತೆಗೆಸಿ ಮತ್ತೊಂದು ಸಲ, ಬರೀ ಬಳೆಯದ್ದೇ ಇನ್ನೊಂದು ಸಲ ರೆಕಾರ್ಡ್ ಮಾಡಿದೆ. ಅವತ್ತು ಮನೆಯಲ್ಲಿ 19 ರೊಟ್ಟಿ ಆದವು. ಸಿನಿಮಾದಲ್ಲಿ ಅದು ಬರುವುದು 14 ಸೆಕೆಂಡ್. ನಟಿಯ ಕೈ ನಮ್ಮವ್ವನ ಕೈಯಷ್ಟು ವೇಗ ಇರಲಿಲ್ಲ. ಹಾಗಾಗಿ ಒಂದೊಂದು ಏಟನ್ನೂ ಬಿಡಿಸಿ ಅವಳ ಕೈಗೆ ಕೂಡಿಸಿದೆ. ಸಿನಿಮಾ ನೋಡಿ ಅವ್ವ ಹೇಳಿದ್ದು: "ಆಕಿಗಿ ರೊಟ್ಟಿ ಬಡೀಲಾಕ ಬರಲ್ಲ. ಸಪ್ಪಳ ಮಾತ್ರ ಬರೋಬರಿ ಅದ."

ನನ್ನ ಹೆಸರಿನಲ್ಲಿರುವ ಕಲ್ಲಿನ ಕಥೆಯೂ ಅದೇ ಸಿನಿಮಾದ್ದು. ಫೋಲಿ ಸ್ಟುಡಿಯೋದಲ್ಲಿ ಮರಳು, ಜಲ್ಲಿ, ಮರ, ಟೈಲ್ಸ್, ಗ್ರಾನೈಟ್ ಹೀಗೆ ನೆಲಗಳ ಚೌಕ ಇರುತ್ತವೆ. ನಮ್ಮ ಮನೆಗಳ ಶಹಾಬಾದ್ ಕಲ್ಲು ಅಲ್ಲಿರಲಿಲ್ಲ. ಗ್ರಾನೈಟ್ ಮೇಲೆ ನಡೆಸಿದರೆ ಅದು ಬ್ಯಾಂಕಿನ ನೆಲ ಆಗುತ್ತದೆ, ನಮ್ಮ ಮನೆ ಆಗಲ್ಲ. ಎರಡಡಿ ಚೌಕದ ಒಂದು ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ರೈಲಿನಲ್ಲಿ ಒಯ್ದೆ. ಮೊದಲು ಹಾಗೇ ಇಟ್ಟು ನಡೆದರೆ ತಟ್ಟೆ ಬಡಿದ ಹಾಗೆ ಗಣಗಣ ಅಂದಿತು. ಮನೆಯಲ್ಲಿ ಅದು ಮಣ್ಣಿನ ಮೇಲೆ ಕೂತಿರುತ್ತದೆ ಅಲ್ವಾ? ಕೆಳಗೆ ಹಸಿ ಮರಳು ಹಾಕಿ ಕೂರಿಸಿದ ಮೇಲೆ ನಮ್ಮ ಪಡಸಾಲೆಯ ಸಪ್ಪಳ ಬಂತು. ಆ ಕಲ್ಲು ಇವತ್ತಿಗೂ ಆ ಸ್ಟುಡಿಯೋದಲ್ಲಿ ಇದೆ.

ಆದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು ಮಾತು. ನಮ್ಮ ಕಡೆಯ ಮಾತು. ಅದೇ ಸಿನಿಮಾದಲ್ಲಿ ಯಾದಗಿರಿಯ ಒಬ್ಬ ಹಿರಿಯ ರಂಗಕಲಾವಿದರು ಅಜ್ಜನ ಪಾತ್ರ ಮಾಡಿದ್ದರು. ದೃಶ್ಯದ ತುಂಬಾ ಜನರೇಟರ್ ಸಪ್ಪಳ. ಅವರಿಗೆ ಹುಷಾರಿಲ್ಲ, ಡಬ್ಬಿಂಗ್‌ಗೆ ಬರಲು ಆಗಲ್ಲ. "ಬೇರೆ ಯಾರಿಂದಾದರೂ ಹೇಳಿಸಿಬಿಡಿ, ಯಾರಿಗೆ ಗೊತ್ತಾಗುತ್ತೆ" ಅಂತ ನಿರ್ಮಾಣದವರು ಹೇಳಿದರು. ನನಗೆ ಗೊತ್ತಾಗುತ್ತದೆ. ಕಲಬುರಗಿಯ ಥಿಯೇಟರ್‌ನಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಾಗುತ್ತದೆ. ಮೂರು ರಾತ್ರಿಯ ಸಮಯ ಕೇಳಿ ತೆಗೆದುಕೊಂಡೆ. ಆ ದೃಶ್ಯದ ಏಳೂ ಟೇಕ್‌ಗಳನ್ನು ಸಾಲಾಗಿ ಹಾಸಿದೆ. 'ಹೌದ್ರಿ' ಅನ್ನುವ ಒಂದು ಮಾತಿಗೆ 'ಹೌ' ಎರಡನೇ ಟೇಕ್‌ನಿಂದ, 'ದ್ರಿ' ಐದನೇ ಟೇಕ್‌ನಿಂದ. ಒಂದು ಕಡೆ ಉಸಿರು ಸಾಲಲಿಲ್ಲ, ಬೇರೆ ದೃಶ್ಯದಿಂದ ಅವರದೇ ಉಸಿರು ತಂದೆ. ಸಪ್ಪಳ ತೆಗೆಯುವ ಸಾಫ್ಟ್‌ವೇರ್ ಇದೆ, ಆದರೆ ಜಾಸ್ತಿ ಒತ್ತಿದರೆ ಮನುಷ್ಯ ನೀರಿನೊಳಗಿಂದ ಮಾತಾಡಿದ ಹಾಗೆ ಆಗುತ್ತದೆ. ಅದಕ್ಕೆ ಸ್ವಲ್ಪ ಜನರೇಟರ್ ಉಳಿಸಿ, ಅದರ ಮೇಲೆ ಹಿಟ್ಟಿನ ಗಿರಣಿಯ ಸಪ್ಪಳ ಇಟ್ಟೆ. ಈಗ ಆ ಓಣಿಯಲ್ಲಿ ಒಂದು ಗಿರಣಿ ಇದೆ ಅಂತ ಆಯಿತು. ಅಜ್ಜನ ದನಿ ಉಳಿಯಿತು. ಸಿನಿಮಾ ಬಿಡುಗಡೆ ಆದ ಮರುವರ್ಷ ಅವರು ತೀರಿಕೊಂಡರು. ಅವರ ದನಿ ಅದರಲ್ಲಿ ಇದೆ.

ಈಗ ಬದುಕಿನ ಮಾತು. ಬಿಡುಗಡೆ ದಿನ ಮೊದಲೇ ಗೊತ್ತಾಗಿರುತ್ತದೆ. ಚಿತ್ರದ ಎಡಿಟಿಂಗ್ ತಡ ಆದರೆ ಆ ತಡವೆಲ್ಲ ನಮ್ಮ ದಿನಗಳನ್ನೇ ತಿನ್ನುತ್ತದೆ. ಲಾಕ್ ಅಂದ ಮೇಲೂ ಕತ್ತರಿಸುತ್ತಾರೆ. ನಾಲ್ಕು ಸೆಕೆಂಡ್ ತೆಗೆದರೆ ನೂರಾರು ಟ್ರ್ಯಾಕ್ ಮತ್ತೆ ಕೂಡಿಸಬೇಕು. ಕೊನೆಯ ಹತ್ತು ದಿನ ಸ್ಟುಡಿಯೋದಲ್ಲೇ ಮಲಗುವುದು. ಶರಣಬಸವೇಶ್ವರ ಜಾತ್ರೆಯ ತೇರು ನೋಡದೆ ನನಗೆ ಒಂಬತ್ತು ವರ್ಷ ಆಗಿತ್ತು. ಮುತ್ಯಾ ಹೋದಾಗ ಮಣ್ಣಿಗೆ ಬಂದು ಮುಟ್ಟಿದೆ, ಆದರೆ ಅದೇ ರಾತ್ರಿ ವಾಪಸ್. ಅದು ಇನ್ನೂ ಚುಚ್ಚುತ್ತದೆ.

ದುಡ್ಡು. ನನ್ನ ಮೊದಲ ಸಂಬಳ ತಿಂಗಳಿಗೆ 6,000. ನಾಲ್ಕು ಜನ ಒಂದು ರೂಮಿನಲ್ಲಿ ಇದ್ದೆವು. ಸ್ವಂತವಾಗಿ ಸಿನಿಮಾ ಒಪ್ಪಿಕೊಳ್ಳಲು ಆರು ವರ್ಷ ಬೇಕಾಯಿತು. ಒಬ್ಬ ನಿರ್ಮಾಪಕರು ಕೊನೆಯ ಕಂತು ಕೊಡಲೇ ಇಲ್ಲ. ಬರಹದಲ್ಲಿ ಏನೂ ಇರಲಿಲ್ಲ, ಕೇಳಲು ದಾರಿ ಇರಲಿಲ್ಲ. ಆಮೇಲಿಂದ ಒಪ್ಪಂದ ಕಾಗದದ ಮೇಲೆ, ಕೊನೆಯ ಕಂತು ಫೈನಲ್ ಫೈಲ್ ಕೊಡುವ ಮುಂಚೆ. ಈಗ ವರ್ಷಕ್ಕೆ ನಾಲ್ಕೈದು ಸಿನಿಮಾ, ನಡುವೆ ವೆಬ್ ಸರಣಿ, ಜಾಹೀರಾತು. ಮನೆ ನಡೆಯುತ್ತದೆ, ತಂಗಿಯ ಮದುವೆ ಮಾಡಿದೆ.

ಕಿವಿ ಕಾಪಾಡಿಕೋ. ಮದುವೆ ಶೂಟಿಂಗ್‌ಗೆ ಹೋದಾಗ ಡಿಜೆ ಬಾಕ್ಸ್ ಮುಂದೆ ನಿಲ್ಲಬೇಡ, ಹತ್ತಿ ಅಲ್ಲ, ಸರಿಯಾದ ಇಯರ್ ಪ್ಲಗ್ ಹಾಕಿಕೋ. 85 ಡೆಸಿಬಲ್‌ನಲ್ಲಿ ದಿನಕ್ಕೆ 8 ತಾಸು ಮಿತಿ. ಪ್ರತಿ 3 ಡೆಸಿಬಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಸಬೇಕು. 100 ಡೆಸಿಬಲ್ ಅಂದರೆ ಕಾಲು ತಾಸು ಮಾತ್ರ. ಹೋದ ಕಿವಿ ವಾಪಸ್ ಬರಲ್ಲ.

ಕಲಿಯುವುದು ಎಲ್ಲಿ ಅಂದರೆ, ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಮತ್ತು ಟೀವಿ ಸಂಸ್ಥೆ ಇದೆ. ನೀನು ಡಿಗ್ರಿ ಮುಗಿಸಿದ್ದೀಯ, ಹಾಗಾಗಿ ಪುಣೆಯ ಫಿಲ್ಮ್ ಸಂಸ್ಥೆ ಎಫ್‌ಟಿಐಐ ಮತ್ತು ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆಯ ಸೌಂಡ್ ವಿಭಾಗದ ಪ್ರವೇಶ ಪರೀಕ್ಷೆ ನೋಡು. ನಮಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ, ಸೊಲ್ಲಾಪುರ ದಾಟಿದರೆ ಆಯಿತು. 2009ರಲ್ಲಿ ಸೌಂಡ್‌ಗೆ ಆಸ್ಕರ್ ತಂದ ರಸೂಲ್ ಪೂಕುಟ್ಟಿ ಪುಣೆಯಲ್ಲೇ ಕಲಿತವರು. ಕೇರಳದ ಒಂದು ಹಳ್ಳಿಯಿಂದ ಬಂದವರು.

ಗುರುಗಳು_ಯಾದಗಿರಿ:

ಅನುಭವದ ಮಾತು ಬರೆದಿದ್ದೀರಿ, ಸಂತೋಷ ಆಯಿತು. ಆದರೂ ಹುಡುಗನಿಗೆ ನನ್ನದೊಂದು ಮಾತು. ನಾನು 31 ವರ್ಷ ಹೈಸ್ಕೂಲ್ ಮಾಸ್ತರನಾಗಿದ್ದವನು. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ಮೀಸಲಾತಿ ಬರಲು ಎಷ್ಟು ವರ್ಷ ಹೋರಾಡಿದ್ದೇವೆ ಅಂತ ನಿಮಗೆ ಗೊತ್ತಿದೆ. ಡಿಗ್ರಿ ಕೈಯಲ್ಲಿದೆ. ಎರಡು ವರ್ಷ ಕೂತು ಸರ್ಕಾರಿ ಪರೀಕ್ಷೆ ಬರಿ ಮಗಾ. ಅಪ್ಪನಿಗೆ ವಯಸ್ಸಾಗುತ್ತಿದೆ. ನೌಕರಿ ಒಂದು ಗಟ್ಟಿ ಆದರೆ ಸಂಜೆ ಹೊತ್ತು ನಿನ್ನ ಸೌಂಡ್ ಎಡಿಟಿಂಗ್ ಮಾಡಿಕೋ. ಬೆಂಗಳೂರಿಗೆ ಹೋಗಿ ಬರಿಗೈಯಲ್ಲಿ ಬಂದ ನನ್ನ ವಿದ್ಯಾರ್ಥಿಗಳನ್ನು ನೋಡಿದ್ದೇನೆ.

ಶಹಾಬಾದ್_ಕಲ್ಲು:

ಗುರುಗಳೇ, ನಮಸ್ಕಾರ. ನೀವು ಹೇಳಿದ್ದು ತಪ್ಪಲ್ಲ. ನನ್ನ ಜೊತೆ ರೂಮಿನಲ್ಲಿದ್ದ ನಾಲ್ವರಲ್ಲಿ ಇಬ್ಬರು ವಾಪಸ್ ಹೋದರು. ಆದರೆ ಇದು ಸಂಜೆ ಹೊತ್ತಿನ ಕೆಲಸ ಅಲ್ಲ. ಕಿವಿ ಪಳಗಲು ದಿನದ ಎಂಟು ಹತ್ತು ತಾಸು ಬೇಕು, ಅದೂ ವರ್ಷಗಟ್ಟಲೆ. ಅದಕ್ಕೆ ನಾನು ಹುಡುಗನಿಗೆ ಹೇಳುವುದು ಇಷ್ಟು: ಈಗಲೇ ಊರು ಬಿಡಬೇಡ. ಸ್ಟುಡಿಯೋ ಸಂಬಳ ಬರುತ್ತಾ ಇರಲಿ. ಒಂದು ವರ್ಷ ಊರಲ್ಲೇ ಕಲಿ. ರೀಪರ್ ಅನ್ನುವ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್ 60 ದಿನ ಪುಕ್ಕಟೆ ನೋಡಲು ಸಿಗುತ್ತದೆ. ಪ್ರೊ ಟೂಲ್ಸ್‌ನದೂ ಒಂದು ಪುಕ್ಕಟೆ ರೂಪ ಇದೆ, ಸ್ಟುಡಿಯೋಗಳಲ್ಲಿ ನಡೆಯುವುದು ಅದೇ. ಎರಡು ನಿಮಿಷದ ಒಂದು ದೃಶ್ಯ ತೆಗೆದುಕೊಂಡು, ಸದ್ದೆಲ್ಲ ಅಳಿಸಿ, ಸೊನ್ನೆಯಿಂದ ಕಟ್ಟು. ತಿಂಗಳಿಗೆ ಒಂದು. ಹನ್ನೆರಡು ಆದ ಮೇಲೂ ಹಸಿವು ಹಾಗೇ ಇದ್ದರೆ ಪ್ರವೇಶ ಪರೀಕ್ಷೆ ಬರಿ.

ಬೀದರ್_ಬೂಮ್:

ನಾನು ಬೀದರ್‌ನವಳು. ಏಳು ವರ್ಷದಿಂದ ಲೊಕೇಶನ್ ಸೌಂಡ್‌ನಲ್ಲಿ, ಅಂದರೆ ಶೂಟಿಂಗ್ ಜಾಗದಲ್ಲೇ ಸದ್ದು ರೆಕಾರ್ಡ್ ಮಾಡುವ ಕೆಲಸದಲ್ಲಿ, ಇದ್ದೇನೆ. ಮೊದಲು ಮೂರು ವರ್ಷ ಬರೀ ಬೂಮ್ ಹಿಡಿದೆ, ಅಂದರೆ ಉದ್ದ ಕೋಲಿನ ತುದಿಯ ಮೈಕ್.

ಅಣ್ಣಾ, ನಿಮ್ಮ 'ಹೌದ್ರಿ' ಓದಿ ಕಣ್ಣಲ್ಲಿ ನೀರು ಬಂತು. ಆದರೆ ಒಂದು ಮಾತು ಸೇರಿಸಬೇಕು. ಆ ಜನರೇಟರ್ ಅನ್ನು 100 ಮೀಟರ್ ಆಚೆ, ಒಂದು ಗೋಡೆಯ ಹಿಂದೆ ನಿಲ್ಲಿಸಿದ್ದರೆ ನಿಮ್ಮ ಮೂರು ರಾತ್ರಿ ಉಳಿಯುತ್ತಿತ್ತು. ಕೇಬಲ್ ಸಾಲಲ್ಲ ಅನ್ನುತ್ತಾರೆ. ಸಾಲುತ್ತದೆ, ಎಳೆಯಬೇಕು ಅಷ್ಟೇ. ಸೆಟ್‌ನಲ್ಲಿ ಸೌಂಡ್‌ನವರು ಬಾಯಿ ಬಿಟ್ಟು ಕೇಳಬೇಕು.

ನಮ್ಮ ಊರಲ್ಲಿ ಇನ್ನೊಂದು ಕಷ್ಟ ಇದೆ. ಇಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ವಿಮಾನ ಕಸರತ್ತಿನ ಸೂರ್ಯಕಿರಣ ತಂಡವೂ ಇಲ್ಲಿಯದೇ. ಕೋಟೆಯ ಹತ್ತಿರ ಒಂದು ಭಾವುಕ ದೃಶ್ಯ ತೆಗೆಯುತ್ತಿದ್ದೆವು. ನಟಿ ಅಳಲು ಶುರು ಮಾಡಿದ ಕೂಡಲೇ ಮೇಲೆ ಜೆಟ್. ಒಂದು ಹೋಯಿತು ಅಂದರೆ ಇನ್ನೊಂದು. ಅವತ್ತು ನಾನು ಡೈರೆಕ್ಟರ್ ಹತ್ತಿರ ಹೋಗಿ, ಬೆಳಗಿನ ಹೊತ್ತು ಮಾತಿಲ್ಲದ ಶಾಟ್ ತೆಗೆಯಿರಿ, ಮಾತು ಸಂಜೆಗೆ ಇಡಿ ಅಂದೆ. ಕೇಳಿದರು. ಸಂಜೆ ಆರಕ್ಕೆ ಒಂದೇ ಟೇಕ್‌ನಲ್ಲಿ ಆಯಿತು. ಡಬ್ಬಿಂಗ್ ಬೇಕಾಗಲಿಲ್ಲ.

ಮತ್ತೆ, ಪ್ರತಿ ಜಾಗದಲ್ಲಿ ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಖಾಲಿ ಸದ್ದು ರೆಕಾರ್ಡ್ ಮಾಡುತ್ತೇವೆ. ರೂಮ್ ಟೋನ್. ಮಾತು ಮಾತಿನ ನಡುವೆ ತೂತು ಬಿದ್ದರೆ ಮುಚ್ಚಲು ಅದು ಬೇಕು. ನಮ್ಮೂರಿನ 1472ರ ಮಹಮೂದ್ ಗವಾನ್ ಮದರಸಾದ ದಪ್ಪ ಗೋಡೆಯ ಒಳಗಿನ ಮೌನವೇ ಬೇರೆ, ತಗಡಿನ ಮನೆಯ ಮೌನವೇ ಬೇರೆ. ಮೇ ತಿಂಗಳ ಮಧ್ಯಾಹ್ನದ್ದು ಮತ್ತೂ ಬೇರೆ: ಎಲ್ಲೋ ಒಂದು ಕೂಲರ್, ಎಲ್ಲೋ ಒಂದು ಕಾಗೆ, ಅಷ್ಟೇ. ಆ ಒಂದು ನಿಮಿಷ ಎಂಬತ್ತು ಜನರನ್ನು ಸುಮ್ಮನಿರಿಸುವುದು ಈ ಕೆಲಸದ ಅತಿ ಕಷ್ಟದ ಭಾಗ.

ತಮ್ಮಾ, ಸ್ಟುಡಿಯೋದಲ್ಲಿ ಕೂರುವ ಮುಂಚೆ ಒಂದು ಸಿನಿಮಾಕ್ಕಾದರೂ ಬೂಮ್ ಹಿಡಿ. ಕೈ ನೋಯುತ್ತದೆ. ಆದರೆ ಸಪ್ಪಳ ಎಲ್ಲಿಂದ ಬರುತ್ತದೆ ಅಂತ ಮೈಗೆ ಗೊತ್ತಾಗುತ್ತದೆ. ತಂಗಿಯರು ಯಾರಾದರೂ ಓದುತ್ತಿದ್ದರೆ ಅವರಿಗೂ ಇದೇ ಮಾತು. ಸೆಟ್‌ನಲ್ಲಿ ಹೆಂಗಸರಿಗೆ ಶೌಚಾಲಯ ಎಲ್ಲಿ ಅಂತ ಒಪ್ಪಿಕೊಳ್ಳುವ ಮುಂಚೆಯೇ ಕೇಳಿ, ನಾಚಿಕೆ ಬೇಡ.

ಸೇಡಂ_ಹುಡುಗ:

ಅಣ್ಣಾ, ಅಕ್ಕಾ, ಗುರುಗಳೇ, ಮೂವರಿಗೂ ನಮಸ್ಕಾರ. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ರೊಟ್ಟಿಯ ಭಾಗ ಅವ್ವ ಎರಡು ಸಲ ಓದಿಸಿದಳು. ಗುರುಗಳೇ, ಪರೀಕ್ಷೆ ವಿಷಯ ಅಪ್ಪನೂ ಅದೇ ಹೇಳಿದರು. ಒಂದು ವರ್ಷದ ಮಾತಿಗೆ ಒಪ್ಪಿದ್ದಾರೆ.

ನಿನ್ನೆ ರಾತ್ರಿ ಅವರ ಜೊತೆ ಮಿಲ್ಲಿಗೆ ಹೋಗಿದ್ದೆ. ಸ್ಟುಡಿಯೋದ ಸಣ್ಣ ರೆಕಾರ್ಡರ್ ಕೇಳಿ ತೆಗೆದುಕೊಂಡು ಹೋದೆ. ಬೆಲ್ಟ್ ಹತ್ತಿರ ಒಂದು, ಜರಡಿ ಹತ್ತಿರ ಒಂದು, ಬೇಳೆ ಚೀಲಕ್ಕೆ ಬೀಳುವ ಕಡೆ ಒಂದು. ಚೀಲ ಖಾಲಿ ಇದ್ದಾಗ ತಗಡಿನ ಮೇಲೆ ಮಳೆ ಬಿದ್ದ ಹಾಗೆ, ತುಂಬುತ್ತಾ ಹೋದ ಹಾಗೆ ಮೆತ್ತಗೆ. ಅಪ್ಪ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. "ಈ ಜರಡಿಯ ಬೋಲ್ಟ್ ಸಡಿಲ ಆಗೇದ" ಅಂದರು. ಹೋಗಿ ನೋಡಿದರೆ ನಿಜವಾಗಿಯೂ ಆಗಿತ್ತು.

ಫೈಲ್ ನಿಮಗೆ ಕಳಿಸಿದ್ದೇನೆ ಅಣ್ಣಾ. ಕೇಳಿ ಹೇಳಿ.

ಶಹಾಬಾದ್_ಕಲ್ಲು:

ಕೇಳಿದೆ. ಚೀಲದ್ದು ತುಂಬಾ ಚೆನ್ನಾಗಿದೆ, ಅದನ್ನು ಜೋಪಾನ ಮಾಡಿ ಇಡು. ಹೆಸರಿನಲ್ಲಿ ಊರು, ದಿನ, ಮೈಕ್ ಎಷ್ಟು ದೂರ ಅಂತ ಬರೆದಿಡು. ಬೆಲ್ಟ್ ಹತ್ತಿರದ ಸದ್ದು ಒಡೆದಿದೆ. ಮೈಕ್ ತೀರಾ ಹತ್ತಿರ ಇತ್ತು, ಲೆವೆಲ್ ಮೇಲಕ್ಕೆ ಹೋಗಿ ಕತ್ತರಿಸಿಹೋಗಿದೆ. ಲೆವೆಲ್ ಮೈನಸ್ 12 ಡೆಸಿಬಲ್ ದಾಟಿಸಬೇಡ. ಎರಡು ಮೀಟರ್ ಹಿಂದೆ ನಿಂತು ಮತ್ತೆ ಮಾಡು. ಮೋಟರ್‌ನ ಗುಂಯ್ ಅನ್ನುವುದು ಕರೆಂಟಿನದು, ನಮ್ಮಲ್ಲಿ 50 ಹರ್ಟ್ಸ್, ಅದರ ಮೇಲೆ 100, 150ರಲ್ಲೂ ಇರುತ್ತದೆ. ಆ ಮೂರು ಕಡೆ ಸಣ್ಣಗೆ ಕಡಿಮೆ ಮಾಡಿ ನೋಡು, ಪೂರ್ತಿ ತೆಗೆಯಬೇಡ, ಮಿಲ್ಲು ಸತ್ತುಹೋಗುತ್ತದೆ.

ಬೋಲ್ಟ್ ಬಿಗಿ ಮಾಡುವ ಮುಂಚಿನ ಜರಡಿ, ಮಾಡಿದ ಮೇಲಿನ ಜರಡಿ, ಎರಡೂ ಇವೆಯಾ? ಇಲ್ಲದಿದ್ದರೆ ಇವತ್ತು ರಾತ್ರಿ ಮತ್ತೆ ಹೋಗು. ಅಪ್ಪನನ್ನೂ ಕರೆದುಕೊಂಡು ಹೋಗು.